ಮಧ್ಯಾಹ್ನದ ಮೇಲೆ ಉಣ್ಣದವಳು

ನನ್ನ ಅವ್ವನ ಅಕ್ಕ ಶಕುಂತಲಾ ಮೌಶಿಯ ಬಗ್ಗೆ ಭಾಲ್ಕಿಯ ನಮ್ಮ ಓಣಿಯಲ್ಲಿ ಈಗ ಒಂದೇ ಕಥೆ ಉಳಿದಿದೆ. ತನ್ನ ಕೊನೆಯ ಮಳೆಗಾಲವನ್ನು ಆಕೆ ಪೂರ್ತಿ ಶೀಲದ ವ್ರತದಲ್ಲಿ ಕಳೆದಳಂತೆ, ಮಧ್ಯಾಹ್ನದ ಮೇಲೆ ಒಂದು ಅಗುಳನ್ನೂ ಮುಟ್ಟಲಿಲ್ಲವಂತೆ, ಹೊಟ್ಟೆಯೊಳಗೆ ಅಷ್ಟು ದೊಡ್ಡ ಬೇನೆ ಇಟ್ಟುಕೊಂಡು ಯಾರೆದುರೂ ಬಾಯಿ ಬಿಡಲಿಲ್ಲವಂತೆ, ನಗುನಗುತ್ತಲೇ ಹೋದಳಂತೆ. ಈ ಕಥೆಯಲ್ಲಿ ನಾನು ಒಪ್ಪುವುದು ಮಳೆಗಾಲ ಒಂದನ್ನೇ. ಉಳಿದದ್ದನ್ನೆಲ್ಲ ವಿರೋಧಿಸುತ್ತೇನೆ.

ವಿರೋಧಿಸುವುದು ನಾನು ಕಲಿತ ವಿದ್ಯೆ. ಬೀದರಿನಲ್ಲಿ ಕಾನೂನು ಓದುವಾಗ ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಗಂಟೆ ಬಾರಿಸುವುದರೊಳಗೆ ಎದುರಿನವರ ಮಾತಿನಲ್ಲಿ ಎಲ್ಲಿ ಸಂದಿದೆ ಎಂದು ಹುಡುಕುವುದು ಊಟ ಮಾಡಿದಷ್ಟೇ ಸಹಜವಾಗಿತ್ತು. ಮೌಶಿ ಅದಕ್ಕೇ, ಹುಡುಗಿಯಾದರೂ ನನ್ನನ್ನು "ವಕೀಲ್ ಸಾಬ್" ಎಂದು ಕರೆಯುತ್ತಿದ್ದಳು, ಬಸ್ಸಿನ ತುಂಬ ಜನರಿದ್ದರೂ ಗಟ್ಟಿಯಾಗಿ. ಆದರೆ ಈ ಒಂದು ಕಥೆಯೊಂದಿಗೆ ವಾದ ಮಾಡಿ ಮಾಡಿ ನನಗೆ ಸಾಕಾಗಿದೆ. ಇದಕ್ಕೆ ಎದುರಾಳಿ ಇಲ್ಲ, ಗಂಟೆಯೂ ಇಲ್ಲ. ಹೇಳಿದವರಿಗೆ ಕಣ್ಣಲ್ಲಿ ನೀರು ಬರುತ್ತದೆ, ಕೇಳಿದವರು ಕೈ ಮುಗಿಯುತ್ತಾರೆ. ನಾನು ಏನು ಹೇಳಿದರೂ ಸತ್ತವಳಿಗೆ ಅವಮಾನ ಮಾಡಿದಂತೆ ಕಾಣುತ್ತದೆ.

ಮೊನ್ನೆ ಶ್ರಾವಣದ ಹುಣ್ಣಿಮೆಗೆ ಊರಿಗೆ ಬಂದೆ. ಓಣಿಯ ಬುದ್ಧ ವಿಹಾರದ ಮೆಟ್ಟಿಲು ಹತ್ತುವಾಗಲೇ ಆ ವಾಸನೆ ಮೂಗಿಗೆ ಬಡಿಯಿತು. ದೊಡ್ಡ ಪಾತ್ರೆಯಲ್ಲಿ ತಳ ಹಿಡಿಯುತ್ತಿದ್ದ ಖೀರು, ಏಲಕ್ಕಿ, ಊದುಬತ್ತಿ, ಕಾಲೊರೆಸಲು ಹಾಸಿದ ತೊಯ್ದ ಗೋಣಿಚೀಲ. ಒಂದು ವರ್ಷದ ಹಿಂದಿನ ಮಳೆಗಾಲ ಇಡಿಯಾಗಿ ಎದ್ದು ಬಂತು. ಒಳಗೆ ಕೌಶಲ್ಯಾಬಾಯಿ ಮೈಕು ಹಿಡಿದಿದ್ದರು. ವಿಹಾರದ ಮಹಿಳಾ ಮಂಡಳಿಗೆ ಹಿರಿಯರು ಅವರು, ಮೌಶಿಯ ಪಕ್ಕದಲ್ಲೇ ಕೂತು ವರ್ಷಗಟ್ಟಲೆ ಗ್ರಂಥ ಓದಿದವರು. "ಅಕ್ಕ ಹ್ವಾದಳು, ಆಕಿ ಶೀಲ ಹೋಗಿಲ್ಲ. ಆಕಿ ತಂಗಿ ಹಿಡದಾಳ, ನೋಡ್ರಿ ಇಲ್ಲೇ ಕುಂತಾಳ" ಎಂದರು. ಎಲ್ಲರೂ ತಿರುಗಿ ನೋಡಿ "ಸಾಧು, ಸಾಧು" ಎಂದರು. ಮೊದಲ ಸಾಲಿನಲ್ಲಿ ನನ್ನ ಅವ್ವ ತಲೆ ಬಗ್ಗಿಸಿ ಕೂತಿದ್ದಳು. ಉಟ್ಟದ್ದು ಮೌಶಿಯ ಬಿಳಿ ಸೀರೆ.

ಈ ಬರಹಕ್ಕೆ ಕಾರಣ ಆ ಸೀರೆ. ರಕ್ತ ಹಂಚಿಕೊಂಡು ಹುಟ್ಟಿದ ತಂಗಿ ನೀನು, ನೀನೂ ಒಮ್ಮೆ ತೋರಿಸಿಕೋ ಎಂದು ಡಾಕ್ಟರು ಅವ್ವನಿಗೆ ಹೇಳಿ ವರ್ಷವಾಗುತ್ತ ಬಂತು. ಅವ್ವ ಇನ್ನೂ ಹೋಗಿಲ್ಲ.

ಹೋದ ಮಳೆಗಾಲದ ಸಂಗತಿ ಹೇಳುತ್ತೇನೆ. ಆಷಾಢದ ಹುಣ್ಣಿಮೆಗೆ ನಮ್ಮಲ್ಲಿ ವರ್ಷಾವಾಸ ಶುರುವಾಗುತ್ತದೆ. ಮೂರು ತಿಂಗಳು ವಿಹಾರದಲ್ಲಿ ಗ್ರಂಥದ ಓದು. ಹುಣ್ಣಿಮೆಯ ದಿನ ಕೆಲವರು ಎಂಟು ಶೀಲ ಹಿಡಿಯುತ್ತಾರೆ, ಬಿಳಿ ಉಡುತ್ತಾರೆ, ಮಧ್ಯಾಹ್ನ ಹನ್ನೆರಡಾದ ಮೇಲೆ ಉಣ್ಣುವುದಿಲ್ಲ. ಅದು ಆ ಒಂದು ದಿನದ ಮಾತು. ಮೌಶಿ ಮಾತ್ರ ಆ ವರ್ಷ ಅದನ್ನು ದಿನವೂ ನಡೆಸುತ್ತೇನೆ ಎಂದಳು. ಯಾರೂ ಯಾಕೆ ಎಂದು ಕೇಳಲಿಲ್ಲ. ಕೌಶಲ್ಯಾಬಾಯಿಯಂತೂ "ಶಕುಂತಲಾ ಭಾಳ ಮ್ಯಾಲ ಹೋದಳು" ಎಂದು ಕೈ ಎತ್ತಿ ಮುಗಿದರು.

ಮೌಶಿ ಬಸ್ಸಿನ ಕಂಡಕ್ಟರು. ಗಂಡ ತೀರಿಕೊಂಡ ಮೇಲೆ ಆತನ ಬದಲಿಗೆ ಸಿಕ್ಕ ನೌಕರಿ. ಮಕ್ಕಳಿಲ್ಲ. ಒಂದು ವಾರ ಹಲಬರ್ಗಾ ಹಾದು ಬೀದರಿಗೆ, ಒಂದು ವಾರ ಮಾಂಜ್ರಾ ದಾಟಿ ಔರಾದಿಗೆ. ಖಾಕಿ ಅಂಗಿ, ಹೆಗಲಿಗೆ ಚರ್ಮದ ಚೀಲ, ಕೈಯಲ್ಲಿ ಟಿಕೆಟ್ ಮಷೀನು, ಬಾಯಲ್ಲಿ ಅಡಿಕೆ. ಪುಕ್ಕಟೆ ಹತ್ತಿದ ಲೀಡರುಗಳನ್ನು ನಡುದಾರಿಯಲ್ಲಿ ಇಳಿಸಿದವಳು. ಇಂಥವಳು ಬಾಯಿ ಬಿಡಲಿಲ್ಲ ಎಂದರೆ ನಂಬುವುದು ಹೇಗೆ? ಬಾಯಿ ಬಿಟ್ಟಿದ್ದಳು. ಆ ಮಳೆಗಾಲವಿಡೀ ಹೇಳುತ್ತಲೇ ಇದ್ದಳು. ಆದರೆ ಇದ್ದದ್ದನ್ನೆಲ್ಲ ಒಬ್ಬರಿಗೇ ಹೇಳಲಿಲ್ಲ. ಯಾರಿಗೆ ಯಾವುದು ಕಾಣುತ್ತಿತ್ತೋ ಅವರಿಗೆ ಅಷ್ಟನ್ನು ಹೇಳಿದಳು.

ಡ್ರೈವರ್ ಖಾಜಾ ಚಾಚಾನಿಗೆ ಕಂಡದ್ದು ಒಂದು. ಔರಾದಿಗೆ ಹೋಗುವ ದಾರಿಯಲ್ಲಿ ಪೆಟ್ರೋಲ್ ಪಂಪಿನ ಹತ್ತಿರ, ಮತ್ತೆ ಸೇತುವೆ ದಾಟಿದ ಮೇಲೆ, ಮೌಶಿ ಸೀಟಿ ಹೊಡೆದು ಗಾಡಿ ನಿಲ್ಲಿಸುತ್ತಿದ್ದಳು. ಇಳಿದು ಹೋಗಿ ಬರುವಳು. ಸ್ವಲ್ಪ ಹೊತ್ತಿಗೆ ಮತ್ತೆ ಒಂದಕ್ಕೆ ಹೋಗಬೇಕು ಅನಿಸುವುದು. ಹೆಣ್ಣು ಕಂಡಕ್ಟರಿಗೆ ರಸ್ತೆಯ ಮೇಲೆ ಇದೆಂಥ ಶಿಕ್ಷೆ ಎಂದು ಗಂಡಸರಿಗೆ ತಿಳಿಯುವುದಿಲ್ಲ. ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಆದರೂ ನಿಲ್ಲಲಿಲ್ಲ. ಚಾಚಾ ನಗಾಡುತ್ತಿದ್ದ: "ಅರೇ ಬಾಯಿ, ಈ ಗಾಡಿಗಿಂತ ನಿಮ್ಮ ರೇಡಿಯೇಟರೇ ಜಾಸ್ತಿ ಲೀಕ್ ಅದ. ಶುಗರ್ ಚೆಕ್ ಮಾಡಿಸ್ರಿ ಜರಾ." ಮಾಡಿಸಿದಳು. ಶುಗರ್ ಇರಲಿಲ್ಲ. ಭಾಲ್ಕಿಯ ಒಬ್ಬ ಡಾಕ್ಟರು ಕಿಡ್ನಿಯಲ್ಲಿ ಕಲ್ಲಿರಬಹುದೆಂದು ಔಷಧಿ ಬರೆದರು. ಅದನ್ನೂ ಕುಡಿದಳು.

ನಸೀಮಾ ಆಪಾಗೆ ಕಂಡದ್ದು ಇನ್ನೊಂದು. ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಬಟ್ಟೆ ಹೊಲಿಯುವವರು ಆಪಾ. ಮೌಶಿಯ ಖಾಕಿ ಪ್ಯಾಂಟಿನ ಸೊಂಟ ಬಿಚ್ಚಿ ಅಗಲ ಮಾಡಿಕೊಟ್ಟರು, ಸ್ವಲ್ಪ ದಿನಕ್ಕೆ ಮತ್ತೊಮ್ಮೆ ಬಿಚ್ಚಿದರು. "ಬಾಯಿ, ಇನ್ನ ಬಿಡ್ಲಾಕ ಇದರಾಗ ಬಟ್ಟಿ ಇಲ್ಲ. ಕೈ ಕಾಲು ಕಡ್ಡಿ ಆಗ್ಯಾವ, ಹೊಟ್ಟಿ ಮಾತ್ರ ಮುಂದ ಬರ್ಲತ್ತದ. ಕುಂತು ಕುಂತು ಹಿಂಗ ಆಗ್ತದ."

"ನಾ ಎಲ್ಲಿ ಕುಂತೀನವ್ವಾ?" ಎಂದಳು ಮೌಶಿ. "ಕಂಡಕ್ಟರ್ ಆಗಿ ಜನ್ಮ ಎಲ್ಲಾ ನಿಂತೇ ಕಳದೀನಿ. ಕುಂತಿದ್ದು ಖಾಜಾ. ಆತನ ಹೊಟ್ಟಿ ನೋಡು, ಸಪಾಟ ಅದ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಇದನ್ನು ನನಗೆ ಆಪಾ ಆಮೇಲೆ ಹೇಳಿದರು. ಹೇಳುವಾಗ ನಗಲಿಲ್ಲ.

ಅವ್ವನ ಕಿವಿಗೆ ಬಿದ್ದದ್ದು ನೋವು. ಕಿಬ್ಬೊಟ್ಟೆಯಲ್ಲಿ ಭಾರ, ಸೊಂಟದಲ್ಲಿ ಸೆಳೆತ ಎಂದಾಗ ಅವ್ವ ಹೊಕ್ಕುಳ ಸರಿದಿದೆ ಎಂದು ಚಾಪೆ ಹಾಸಿ ಮಲಗಿಸಿದಳು. "ಬಟ್ಟಿ ಬಿದ್ದದ ಅಕ್ಕಾ, ಚೀಲದ ವಜ್ಜಿಗಿ ಹಿಂಗ ಆಗ್ಯಾದ" ಎಂದು ಹರಳೆಣ್ಣೆ ಹಚ್ಚಿ ಹೊಟ್ಟೆ ತಿಕ್ಕಿದಳು. ಎರಡು ದಿನ ಆರಾಮ ಅನಿಸಿತು. ಮೂರನೆಯ ದಿನ ಮತ್ತೆ ಅದೇ.

ಇನ್ನು ಊಟ ಬಿಟ್ಟದ್ದು. ಅದು ಕಂಡದ್ದು ವಿಹಾರದವರಿಗೆ. ಅವರು ಅದನ್ನು ಪುಣ್ಯ ಎಂದು ಓದಿಕೊಂಡರು.

ಆ ಶ್ರಾವಣದಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಕೊಯ್ಲಿಗೆ ಬಂದ ಹೆಸರು ಹೊಲದಲ್ಲೇ ಮೊಳೆಯುತ್ತಿತ್ತು. ನಮ್ಮ ಕಾಲೇಜಿನಿಂದ ಔರಾದಿನ ಹತ್ತಿರದ ಒಂದು ಊರಿನಲ್ಲಿ ಶಿಬಿರ ಇತ್ತು. ಕೊನೆಯ ದಿನ ಹೆಣ್ಣುಮಕ್ಕಳಿಗೆ ಆರೋಗ್ಯದ ತಿಳಿವಳಿಕೆ ಎಂದು ಬೀದರಿನಿಂದ ಒಬ್ಬ ಲೇಡಿ ಡಾಕ್ಟರು ಬಂದರು. ದಾರಿಯಲ್ಲಿ ಅವರ ಗಾಡಿ ಕೆಸರಿನಲ್ಲಿ ಸಿಕ್ಕಿಬಿದ್ದಿತ್ತು, ಸೀರೆಯ ಅಂಚು ಎರೆಮಣ್ಣಾಗಿತ್ತು, ಮುಖದಲ್ಲಿ ದಣಿವಿತ್ತು. ಸಮುದಾಯ ಭವನದಲ್ಲಿ ಒಂದು ಮೂಲೆಗೆ ಒದ್ದೆ ಹೆಸರಿನ ಕಾಯಿಗಳನ್ನು ಹರವಿದ್ದರು. ಹೆಂಗಸರು ಅವುಗಳಲ್ಲಿ ಕೈಯಾಡಿಸುತ್ತಲೇ ಕೇಳುತ್ತಿದ್ದರು.

ಅಂಡಾಶಯದ ಕ್ಯಾನ್ಸರು ಎಂದರು ಡಾಕ್ಟರು. ಗರ್ಭಕೋಶದ ಎರಡು ಬದಿಗೆ ಇರುವ ಅಂಗ, ಅದಕ್ಕೆ ಬರುವುದು. "ಗರ್ಭಕೋಶದ ಬಾಯಿ ಪರೀಕ್ಷಾ ಮಾಡಿಸೀವಿ ಅಂತ ಸುಮ್ಮನಿರಬ್ಯಾಡ್ರಿ. ಆ ಪರೀಕ್ಷಾದಾಗ ಇದು ಕಾಣೂದಿಲ್ಲ. ಹೊಟ್ಟಿ ಉಬ್ಬರಿಸೋದು, ಎರಡು ತುತ್ತಿಗೇ ಹೊಟ್ಟಿ ತುಂಬಿದಂಗ ಆಗೋದು, ಕಿಬ್ಬೊಟ್ಟಿ, ಸೊಂಟ ನೋಯೋದು, ಘಡಿ ಘಡಿ ಒಂದಕ್ಕ ಹೋಗಬೇಕನ್ನಿಸೋದು. ಇವು ಅದರ ಗುರುತು."

ಹಿಂದಿನಿಂದ ಒಬ್ಬ ಮುದುಕಿ, "ಇಷ್ಟೇ ಏನ್ರೀ? ಇವೆಲ್ಲಾ ನಮ್ಮ ಎಮ್ಮಿಗೂ ಅವ" ಎಂದಳು. ಇಡೀ ಭವನ ನಕ್ಕಿತು.

ನಾನು ನಗಲಿಲ್ಲ, ಎದ್ದು ನಿಂತೆ. ವಾದದ ಸಂದಿ ಎದುರಿಗೇ ಕಾಣುತ್ತಿತ್ತು. "ಮೇಡಮ್ಮರೆ, ಆಯಿ ಹೇಳಿದ್ದು ಚ್ಯಾಷ್ಟಿ ಅಲ್ರಿ. ಇವು ಇಲ್ಲದ ಹೆಣ್ಣುಮಗಳು ಇಲ್ಲಿ ಒಬ್ಬಾಕಿನೂ ಸಿಗೂದಿಲ್ಲ. ಹಂಗಾದ್ರ ಎಲ್ಲರೂ ದವಾಖಾನಿ ಮುಂದ ಸಾಲು ಹಚ್ಚಬೇಕೇನ್ರಿ? ಎಲ್ಲರಿಗೂ ಇರೂದು ಗುರುತು ಹ್ಯಾಂಗ ಆಗ್ತದ?"

ಅವರು ಸಿಟ್ಟಾಗಲಿಲ್ಲ. ನೀರು ಕುಡಿದು ಬಾಟಲಿ ಕೆಳಗಿಟ್ಟರು. "ನಿಮ್ಮ ಮಾತು ಅರ್ಧಾ ಖರೇ ಅದ. ಹತ್ತು ವರ್ಷದಿಂದ ಗ್ಯಾಸ್ ಇದ್ದಾಕಿಗಿ ನಾ ಹೇಳ್ಲತ್ತಿಲ್ಲ. ಮೊದಲ ಇರಲಿಲ್ಲ, ಈಗ ಬಂದದ. ಬಂದದ್ದು ಹೋಗವಲ್ದು. ದಿನಾ ಅನ್ನೂಹಂಗ ಕಾಡ್ತದ, ಎರಡು ಮೂರು ವಾರ ಆದ್ರೂ ಬಿಡವಲ್ದು. ಅಂಥಾಕಿ ಬರಬೇಕು. ಬಂದವರಾಗ ಹೆಚ್ಚಿನವರಿಗಿ ಕ್ಯಾನ್ಸರ್ ಇರೂದೇ ಇಲ್ಲ. ಇಲ್ಲಂತ ತಿಳಕೊಂಡು ಮನಿಗಿ ಹೋಗಿ ಚಾ ಕುಡೀರಿ, ಯಾರು ಬ್ಯಾಡಂತಾರ? ತಾಯಿಗೋ ಅಕ್ಕತಂಗೇರಿಗೋ ಬಂದಿದ್ರ ಮಾತ್ರ ಇನ್ನೂ ಜಲ್ದಿ ಬರ್ರಿ."

ನನ್ನ ಬಳಿ ಮರುವಾದ ಇತ್ತು. ಬಾಯಿಯನ್ನೂ ತೆರೆದಿದ್ದೆ. ಆದರೆ ಖಾಜಾ ಚಾಚಾನ ರೇಡಿಯೇಟರ್ ಜೋಕು ನೆನಪಾಯಿತು. ಅದರ ಹಿಂದೆ ಹರಳೆಣ್ಣೆಯ ವಾಸನೆ, ಅದರ ಹಿಂದೆ ವಿಹಾರದ ಮುಗಿದ ಕೈಗಳು. ಒಂದೊಂದನ್ನು ಒಬ್ಬೊಬ್ಬರಿಂದ ಕೇಳಿದ್ದೆ, ನಗುತ್ತ ಕೇಳಿದ್ದೆ. ಮೌಶಿಗೆ ಇವೆಲ್ಲ ಅದರ ಹಿಂದಿನ ವರ್ಷ ಇರಲಿಲ್ಲ. ನಾನು ಕೂತುಬಿಟ್ಟೆ. ಪಕ್ಕದ ಗೆಳತಿ ನಾನು ಸೋತೆ ಎಂದುಕೊಂಡು ಬೆನ್ನು ತಟ್ಟಿದಳು.

ಮಧ್ಯಾಹ್ನ ಔರಾದಿನಿಂದ ಭಾಲ್ಕಿಗೆ ಹೊರಟ ಬಸ್ಸು ಮೌಶಿಯದೇ. ಅದಕ್ಕಾಗಿಯೇ ಹಿಂದಿನ ಬಸ್ಸು ಬಿಟ್ಟು ಕಾದಿದ್ದೆ. ಮಳೆಗೆ ಜನ ಕಡಿಮೆ. ಮೌಶಿ ಬಾಗಿಲ ಪಕ್ಕದ ತನ್ನ ಸೀಟಿನಲ್ಲಿ ಕೂತಿದ್ದಳು. ಚೀಲವನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಿರಲಿಲ್ಲ, ಪಕ್ಕಕ್ಕೆ ತೆಗೆದಿಟ್ಟಿದ್ದಳು.

"ಬರ್ರಿ ವಕೀಲ್ ಸಾಬ್, ಟಿಕೆಟ್ ತಗೋಳ್ರಿ. ಸಂಬಂಧ ಬ್ಯಾರೆ, ಸರ್ಕಾರ ಬ್ಯಾರೆ."

"ಮೌಶಿ, ಮಧ್ಯಾಹ್ನದ ಮ್ಯಾಲ ನೀ ಉಣ್ಣೂದಿಲ್ಲ, ಒಪ್ಪಿದೆ. ಬೆಳಿಗ್ಗಿ ಎಷ್ಟು ಉಣ್ತಿ?"

"ಅದೇನು ಪ್ರಶ್ನಿ?"

"ಹೇಳು."

ಆಕೆ ಹೊರಗೆ ನೋಡಿದಳು. ಮಾಂಜ್ರಾ ಕೆಂಪಾಗಿ, ದಡ ಮುಟ್ಟಿ ಹರಿಯುತ್ತಿತ್ತು. "ಎರಡು ತುತ್ತು. ಮುಂದ ಹೋಗಂಗಿಲ್ಲ. ಗಂಟಲದ ತನಕ ಬಂದು ಕುಂತಂಗ ಆಗ್ತದ."

"ವರ್ಷಾವಾಸಕ್ಕೂ ಮೊದಲ?"

"ಆವಾಗಿಂದೇ." ಮೌಶಿ ಮಷೀನಿನ ಕಾಗದದ ಚೂರನ್ನು ಉಗುರಿನಲ್ಲಿ ಹರಿದಳು. "ಕೇಳು, ನಿಮ್ಮ ಅವ್ವಗ ಹೇಳಬ್ಯಾಡ. ಯಾರ ಮನಿಗಿ ಹ್ವಾದ್ರೂ ತಾಟು ಹಚ್ಚಿ ಇಡ್ತಾರ. ಉಣ್ಣಲಿಲ್ಲಂದ್ರ ಮಾರಿ ಸಣ್ಣ ಮಾಡ್ತಾರ, ನಮ್ಮ ಕೈ ಅಡಗಿ ಸೇರಂಗಿಲ್ಲೇನು ಅಂತಾರ. ಶೀಲ ಅಂದ್ರ ಯಾರೂ ಒತ್ತಾಯ ಮಾಡೂದಿಲ್ಲ, ಮ್ಯಾಲ ಕೈ ಮುಗೀತಾರ. ಹ್ಯಾಂಗೂ ಹೋಗವಲ್ದು, ಪುಣ್ಯಕ್ಕರ ಬರಲಿ ಅಂದೆ."

ಹೇಳಿ ನಕ್ಕಳು. ಆ ನಗುವನ್ನೇ ಈಗ ಎಲ್ಲರೂ ಕಥೆ ಮಾಡಿ ಹೇಳುತ್ತಿದ್ದಾರೆ. ಅದು ಸಾವಿಗೆ ಹೆದರದವಳ ನಗು ಅಲ್ಲ. ಉಣ್ಣದಿದ್ದರೆ ಮಂದಿ ಏನಂದಾರು ಎಂದು ಹೆದರಿ ಒಂದು ಉಪಾಯ ಹುಡುಕಿಕೊಂಡವಳ ನಗು.

ಊರು ಬರುವವರೆಗೂ ವಾದ ಮಾಡಿದೆ. ಆಕೆಯೂ ಬಿಡಲಿಲ್ಲ: ಗ್ಯಾಸು, ವಯಸ್ಸು, ಮುಟ್ಟು ನಿಂತದ್ದು, ಡ್ಯೂಟಿ, ರಜೆ ಇಲ್ಲ. ಪ್ರತಿಯೊಂದಕ್ಕೂ ಉತ್ತರ ಕೊಟ್ಟೆ. ಕೊನೆಗೆ ಖಾಜಾ ಚಾಚಾನೇ ಹಿಂದೆ ತಿರುಗದೆ, "ಬಾಯಿ, ಪೋರಿ ಬಿಡೂದಿಲ್ಲ. ನಾಳಿ ಬೀದರಿಗಿ ಹೋಗ್ರಿ, ಡಿಪೋದಾಗ ನಾ ಹೇಳ್ತೇನಿ" ಎಂದ.

ಬೀದರಿನಲ್ಲಿ ಹೊಟ್ಟೆಯ ಸ್ಕ್ಯಾನು, ರಕ್ತಪರೀಕ್ಷೆ. ಶಿಬಿರಕ್ಕೆ ಬಂದಿದ್ದ ಅದೇ ಡಾಕ್ಟರು ಇದ್ದರು, ನನ್ನ ಗುರುತು ಹಿಡಿದರು. ಹೊಟ್ಟೆಯಲ್ಲಿ ನೀರು ತುಂಬಿದೆ, ಗಡ್ಡೆ ಇದೆ, ಹೈದರಾಬಾದಿಗೆ ಹೋಗಬೇಕು ಎಂದರು. ಬೇನೆ ಬೇರೆ ಕಡೆಗೂ ಹರಡಿತ್ತು. ಇನ್ನಷ್ಟು ಮೊದಲು ಬಂದಿದ್ದರೆ ಎಂದು ಅವ್ವ ಕೇಳಿದಾಗ, "ಆಗ ಆಟ ಬ್ಯಾರೆ ಇರ್ತಿತ್ತು, ಎಷ್ಟು ಬ್ಯಾರೆ ಅಂತ ನಾ ಹೇಳಲಾರೆ" ಎಂದರು. ಆ ಪ್ರಾಮಾಣಿಕತೆಗೆ ನಾನು ಋಣಿ. ಅವ್ವನಿಗೆ ತೋರಿಸಿಕೋ ಎಂದು ಹೇಳಿದ್ದೂ ಅಂದೇ. ಅವ್ವ, "ಮೊದಲ ಅಕ್ಕ ಆರಾಮ ಆಗಲಿ" ಎಂದಳು. ಅದು ಸರಿಯಾದ ಮಾತು, ಆಗ.

ಹೊರಗೆ ಬೇವಿನ ಕೆಳಗೆ ಕೂತು ಮೌಶಿ ನನ್ನ ಕೈ ಹಿಡಿದಳು. "ಕೇಸ್ ಗೆದ್ದಿ ನೋಡು, ವಕೀಲ್ ಸಾಬ್." ಸೋಲಬೇಕು ಎಂದು ನಾನು ಬಯಸಿದ ಒಂದೇ ವಾದ ಅದು.

ಮುಂದಿನದು ಹೆಚ್ಚು ಇಲ್ಲ. ಆಪರೇಷನ್, ಕೀಮೋ, ಹೈದರಾಬಾದಿನ ರೈಲು. ರೈಲಿನಲ್ಲೂ ಟಿಕೆಟ್ ಕೇಳುವವನ ಕೆಲಸ ನಿಧಾನ ಎಂದು ಬೈಯುತ್ತಿದ್ದಳು. ತೊಗರಿ ಕೊಯ್ಲು ಮುಗಿಯಿತು, ಜೋಳ ಹಾಲುಗಟ್ಟಿತು. ಬಿಸಿಲು ಏರುವ ಮೊದಲೇ ಮೌಶಿ ಹೋದಳು. ಕೊನೆಯ ದಿನಗಳಲ್ಲಿ ನೋವೆಂದು ಅಳುತ್ತಿದ್ದಳು, ಖಾರದ ಸಾರು ಬೇಕು ಎಂದು ಹಟ ಮಾಡುತ್ತಿದ್ದಳು, ಒಂದು ಚಮಚ ನುಂಗಿ ಬಟ್ಟಲು ದೂಡುತ್ತಿದ್ದಳು. ಇದ್ಯಾವುದೂ ಮೈಕಿನಲ್ಲಿ ಬರುವುದಿಲ್ಲ.

ತೀರಿಕೊಂಡವಳ ಹೆಸರಿನಲ್ಲಿ ನಡೆದ ಪುಣ್ಯಾನುಮೋದನೆಯ ದಿನವೇ ಕೌಶಲ್ಯಾಬಾಯಿ ಮೊದಲ ಸಲ ಆ ಕಥೆ ಹೇಳಿದ್ದು. ಅಲ್ಲಿಂದ ಅದು ಬೆಳೆಯಿತು. ಈ ವರ್ಷ ಆಷಾಢ ಬರುತ್ತಿದ್ದಂತೆ ಅವ್ವ ಪೆಟ್ಟಿಗೆಯಿಂದ ಅಕ್ಕನ ಬಿಳಿ ಸೀರೆ ತೆಗೆದಳು. ಅಕ್ಕನ ಹಾಗೆಯೇ ದಿನವೂ ಶೀಲ ಎಂದಳು. ನಾನು ಬೀದರಿನಿಂದ ಫೋನು ಮಾಡಿ ಮಾಡಿ ಸೋತು, ಒಂದು ಭಾನುವಾರ ಮನೆಗೇ ಬಂದೆ. ಮೌಶಿ ಹೇಳಬೇಡ ಎಂದಿದ್ದನ್ನು ಅಂದು ಹೇಳಿದೆ, ಬಸ್ಸಿನ ಮಾತು, ಒಂದಕ್ಷರ ಬಿಡದೆ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಸತ್ತಾಕಿದು ಒಂದು ಪುಣ್ಯಾ ಉಳದದ. ಅದನೂ ಕಸಗೊಂಡು ಹೋಗಿ ಕೋರ್ಟಿನಾಗ ಇಡ್ತಿ ಏನು?"

"ನಾ ಕಸಗೊಳ್ಳವಲ್ಲೆ ಅವ್ವಾ. ಆಕಿ ಯಾಕ ಉಣ್ಣಲಿಲ್ಲ ಅಂತ ಹೇಳ್ಲತ್ತೀನಿ."

"ಆಕಿ ಶೀಲ ಸುಳ್ಳು ಅಂತ ಹೇಳ್ಲತ್ತಿ."

"ನೀ ಒಂದ ಸಲ ಸ್ಕ್ಯಾನ್ ಮಾಡಿಸು. ಏನೂ ಇಲ್ಲಂದ್ರ ವರ್ಷವಿಡೀ ಶೀಲ ಹಿಡಿ, ನಾನೇ ಸೀರಿ ಒಗದು ಕೊಡ್ತೇನಿ."

"ವರ್ಷಾವಾಸ ಮುಗೀಲಿ" ಎಂದಳು, ಹೆಂಚಿನ ಮೇಲೆ ರೊಟ್ಟಿ ಹಾಕಿದಳು.

ಆಮೇಲೆ ಬಹಳ ಯೋಚಿಸಿದ್ದೇನೆ. ಅವ್ವನ ಕಡೆಗೂ ವಾದವಿದೆ. ಹೊಟ್ಟೆಗೆ ಹೋಗದ ಅನ್ನವನ್ನು ಪುಣ್ಯಕ್ಕೆ ಹಾಕಿಕೊಂಡವಳ ಪುಣ್ಯ ಸುಳ್ಳು ಎಂದು ನಾನು ಎಲ್ಲಿ ಹೇಳಿದೆ? ಇರಲಿ, ಆಕೆಗೇ ಇರಲಿ. ನನ್ನ ತಕರಾರು ಇಷ್ಟೇ: ಉಣ್ಣಲು ಆಗದೇ ಇದ್ದದ್ದನ್ನು ಬೇಡವೆಂದು ಬಿಟ್ಟದ್ದು ಎಂದು ಹೇಳಿದರೆ, ಮುಂದೆ ಉಣ್ಣಲು ಆಗದೇ ಇರುವವಳು ಬಂದಾಗ ನಮಗೆ ಗುರುತು ಸಿಗುವುದಿಲ್ಲ. ಅವಳಿಗೂ ಕೈ ಮುಗಿಯುತ್ತೇವೆ.

ಮೊನ್ನೆ ಹುಣ್ಣಿಮೆಯ ದಿನ ಓದು ಮುಗಿದ ಮೇಲೆ ಖೀರು ಹಂಚಿದರು. ಸೌಟು ಹಿಡಿದವಳು ಅವ್ವನೇ. ಎಲ್ಲರಿಗೂ ಬಡಿಸಿ ಕೊನೆಗೆ ತನ್ನ ಬಟ್ಟಲು ಹಿಡಿದು ನನ್ನ ಪಕ್ಕ ಕಂಬಕ್ಕೆ ಒರಗಿ ಕೂತಳು. ಮೌಶಿಯ ಸೀರೆಯ ನೆರಿಗೆಯನ್ನು ಸಡಿಲ ಮಾಡಿಕೊಂಡಳು. ಎರಡು ಚಮಚ ತಿಂದಳು. ಬಟ್ಟಲನ್ನು ನನ್ನ ಕಡೆ ಸರಿಸಿ, "ತಗೋ, ನಿನಗ ಸೇರ್ತದ" ಎಂದಳು. ಎದುರಿಗೆ ಕೌಶಲ್ಯಾಬಾಯಿ ಅದನ್ನು ನೋಡಿ, "ಅಕ್ಕನಂಗೇ" ಎಂದು ಕಣ್ಣೊರೆಸಿಕೊಂಡರು.

ಗೋಡೆಯ ಗಡಿಯಾರ ನೋಡಿದೆ. ಹನ್ನೊಂದೂ ಆಗಿರಲಿಲ್ಲ. ಶೀಲದ ಹೊತ್ತು ಇನ್ನೂ ದೂರ ಇತ್ತು. ನಾನು ಬಟ್ಟಲು ಮುಟ್ಟಲಿಲ್ಲ. ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ, ವಾದಕ್ಕಲ್ಲದೆ, ಬಹುಶಃ ಮೊದಲ ಸಲ, ಉತ್ತರ ಬೇಕೆಂದೇ ಕೇಳಿದೆ:

"ಅವ್ವಾ, ಇನ್ನೂ ಮಧ್ಯಾಹ್ನ ಆಗಿಲ್ಲ. ಬ್ಯಾಡಂತ ಬಿಟ್ಟಿಯೋ, ಹೋಗವಲ್ದಂತ ಬಿಟ್ಟಿಯೋ?"